ಕಾರ್ಬನ್ ಕ್ರ್ಯಾಂಕು, ಎಡಗಡೆಯ ಮೂರು ಮಿಲಿಮೀಟರು

ಪ್ರಶ್ನೆ: ನಮಸ್ಕಾರ ಸರ. ನಾನು ಹುಬ್ಬಳ್ಳಿಯವನು, ಕೆಲಸ ಪುಣೆಯ ಹಿಂಜವಡಿಯಲ್ಲಿ, ಮನೆ ವಾಕಡ್. ನನ್ನದು ಕಾರ್ಬನ್ ಫ್ರೇಮಿನ ಡಿಸ್ಕ್ ಬ್ರೇಕ್ ರೋಡ್ ಬೈಕು. ಬಾಟಮ್ ಬ್ರಾಕೆಟ್ (ಬಿಬಿ, ಕ್ರ್ಯಾಂಕು ತಿರುಗುವ ಬೇರಿಂಗಿನ ಜೋಡಣೆ) ಬಿಬಿ86 ಪ್ರೆಸ್‌ಫಿಟ್, ಅಂದರೆ ಥ್ರೆಡ್ ಇಲ್ಲದೆ ಒತ್ತಿ ಕೂಡಿಸುವಂಥದ್ದು, ಗೇರು 11 ಸ್ಪೀಡಿನ ಶಿಮಾನೊ 105. ಎರಡು ತಿಂಗಳ ಹಿಂದೆ ಆನ್‌ಲೈನಿನಲ್ಲಿ ಕಾರ್ಬನ್ ಕ್ರ್ಯಾಂಕ್‌ಸೆಟ್ ತರಿಸಿದೆ. 30 ಮಿ.ಮೀ. ಸ್ಪಿಂಡಲ್ (ಎರಡೂ ಆರ್ಮುಗಳನ್ನು ಸೇರಿಸುವ ಅಚ್ಚು), 170 ಮಿ.ಮೀ. ಆರ್ಮ್ (ಪೆಡಲ್ ಕೂರುವ ತೋಳು), 50-34 ಹಲ್ಲಿನ ಚೈನ್‌ರಿಂಗ್. ಎಲ್ಲ ಫ್ರೇಮಿಗೂ ಕೂಡುತ್ತದೆ ಅಂತ ಬರೆದಿತ್ತು. 30ರ ಹೊಸ ಬಿಬಿ ಹಾಕಿಸಿ ಕೂಡಿಸಿದಾಗ ಅಡ್ಡಡ್ಡ ಅಲುಗಾಡುತ್ತಿತ್ತು. ಮೆಕ್ಯಾನಿಕ್ ಎಡಗಡೆ ಮೂರು ಚಪ್ಪಟೆ ವಾಷರ್ (1, 1, 0.5 ಮಿ.ಮೀ.) ಮತ್ತು ಜೊತೆಗೆ ಬಂದಿದ್ದ ಅಲೆಅಲೆಯ ವಾಷರ್ ಹಾಕಿ ಬಿಗಿದರು. ಅಲುಗಾಟ ಹೋಯಿತು, ಆದರೆ ಕ್ರ್ಯಾಂಕ್ ಬಿಗಿಯಾಗಿ ತಿರುಗುತ್ತದೆ. ಸಣ್ಣ ರಿಂಗು ಚೈನ್‌ಸ್ಟೇಗೆ (ಬಿಬಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ಒಂದೂವರೆ ಮಿಲಿಮೀಟರ್ ದೂರದಲ್ಲಿದೆ. ಹಿಂದೆ ಸಣ್ಣ ಹಲ್ಲಿಗೆ ಹಾಕಿದರೆ ಚೈನು ದೊಡ್ಡ ರಿಂಗಿಗೆ ಉಜ್ಜುತ್ತದೆ. ಬೋಪದೇವ್ ಘಾಟ್ ಹತ್ತುವಾಗ ಕಟಕಟ ಸದ್ದು. ಅಲ್ಲೆನ್ ಕೀ ಇಟ್ಟು ನೋಡಿದೆ: ಆರ್ಮ್ ಮತ್ತು ಚೈನ್‌ಸ್ಟೇ ನಡುವೆ ಬಲಕ್ಕೆ 6, ಎಡಕ್ಕೆ 9 ಮಿ.ಮೀ. ಚೈನ್‌ಲೈನ್ (ಫ್ರೇಮಿನ ನಡುಗೆರೆಯಿಂದ ಎರಡು ರಿಂಗುಗಳ ಮಧ್ಯಕ್ಕಿರುವ ದೂರ) 42 ಬರುತ್ತದೆ. ಬಿಬಿ ಹೊರಮುಖದಿಂದ ಹೊರಮುಖಕ್ಕೆ 90.6. ಇನ್ನೊಂದು ವಾಷರ್ ಹಾಕಿಸಲೇ, ಬಿಬಿ ಬದಲಿಸಲೇ, ಇಲ್ಲಾ ಮಾರಿಬಿಡಲೇ?

ಉತ್ತರ: ಇನ್ನೊಂದು ವಾಷರ್ ಮಾತ್ರ ಬೇಡ. ಈಗಿರುವುದರಲ್ಲೇ ಒಂದು ಹೆಚ್ಚಾಗಿದೆ.

ಮೊದಲು ನಿಮಗೊಂದು ಶಹಬ್ಬಾಸ್. ಕೋಥ್ರೂಡಿನ ನನ್ನ ಅಂಗಡಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ "ಏನೋ ಸದ್ದು ಬರ್ತದ್ರಿ" ಅಂತಷ್ಟೇ ಹೇಳಿ ಬೈಕು ಗೋಡೆಗೆ ಒರಗಿಸಿ ಹೋಗುತ್ತಾರೆ. ನೀವು ಅಳತೆ ಕಳಿಸಿದ್ದೀರಿ, ಅದರಲ್ಲೇ ಅರ್ಧ ಉತ್ತರವಿದೆ. ಬಲಕ್ಕೆ 6, ಎಡಕ್ಕೆ 9 ಅಂದರೆ ಇಡೀ ಕ್ರ್ಯಾಂಕು ಎಡಕ್ಕೆ ಒಂದೂವರೆ ಮಿಲಿಮೀಟರ್ ಸರಿದು ಕೂತಿದೆ. ಮೂರರ ವ್ಯತ್ಯಾಸ ಕಂಡರೂ ಸರಿದಿರುವುದು ಒಂದೂವರೆಯೇ, ಯಾಕೆಂದರೆ ಸ್ಪಿಂಡಲ್ ಎಡಕ್ಕೆ ಸರಿದಷ್ಟೂ ಒಂದು ಕಡೆ ಕಡಿಮೆಯಾಗಿ ಇನ್ನೊಂದು ಕಡೆ ಅಷ್ಟೇ ಹೆಚ್ಚುತ್ತದೆ. 105ರ ಹಳೆಯ ಕ್ರ್ಯಾಂಕಿನ ಚೈನ್‌ಲೈನ್ 43.5. ನಿಮ್ಮದು 42. ಅಲ್ಲೂ ಅದೇ ಒಂದೂವರೆ. ಬೇರೆ ಬೇರೆ ಜಾಗದಲ್ಲಿ ತೆಗೆದ ಎರಡು ಅಳತೆ ಒಂದೇ ಮಾತು ಹೇಳುತ್ತಿವೆ.

ಉಜ್ಜುವುದೂ ಚೈನ್‌ಸ್ಟೇಗೆ ಹತ್ತಿರವಾದದ್ದೂ ಇದರಿಂದಲೇ. ರಿಂಗುಗಳು ಒಳಕ್ಕೆ ಹೋದಾಗ ಸಣ್ಣ ರಿಂಗಿನಿಂದ ಹಿಂದಿನ ಹೊರಗಡೆಯ ಸಣ್ಣ ಹಲ್ಲಿಗೆ ಹೋಗುವ ಚೈನು ಹೆಚ್ಚು ಓರೆಯಾಗುತ್ತದೆ, ದಾರಿಯಲ್ಲಿ ದೊಡ್ಡ ರಿಂಗಿನ ಒಳಮೈಗೆ ತಾಗುತ್ತದೆ. ಚೈನನ್ನು ರಿಂಗಿನಿಂದ ರಿಂಗಿಗೆ ತಳ್ಳುವ ಫ್ರಂಟ್ ಡಿರೇಲರ್ ಕೂಡ ಒಳಗಡೆ ಸಾಲದೆ ಬಂದಿರಬೇಕು, ಅದನ್ನು ನೀವು ಬರೆದಿಲ್ಲ.

ಇಷ್ಟಕ್ಕೆಲ್ಲ ನಿಮ್ಮ ಮೆಕ್ಯಾನಿಕನನ್ನು ಬೈಯಲು ಹೋಗಬೇಡಿ. ಎಡಗಡೆ ವಾಷರ್ ತುಂಬುವುದು ಸುಲಭ, ಎಡ ಆರ್ಮ್ ಬಿಚ್ಚಿದರೆ ಆಯಿತು. ಬಲಕ್ಕೆ ಹಾಕಬೇಕೆಂದರೆ ಚೈನು ಇಳಿಸಿ ಸ್ಪಿಂಡಲ್ಲನ್ನೇ ಹೊರಗೆ ಎಳೆಯಬೇಕು. ಶನಿವಾರ ಸಂಜೆ ಆರು ಗಿರಾಕಿ ಕಾಯುತ್ತಿರುವಾಗ "ಹೋವೂನ್ ಜಾಈಲ್" (ಆಗಿಬಿಡುತ್ತದೆ ಬಿಡಿ) ಅಂತ ಎಲ್ಲ ಒಂದೇ ಕಡೆ ಹೋಗುತ್ತದೆ. ನಾನೂ ಮಾಡಿದ್ದೇನೆ. ಹೊಸದರಲ್ಲಿ ಒಬ್ಬರ ಬೈಕಿಗೆ ಹೀಗೇ ತುಂಬಿ ಕಳಿಸಿದ್ದೆ. ಮೂರು ವಾರಕ್ಕೆ ಎಡ ಬೇರಿಂಗು ಬೆರಳಲ್ಲಿ ತಿರುಗಿಸಿದರೆ ಮರಳು ಅರೆದಂತೆ ಆಗಿತ್ತು. ಹೊಸ ಬೇರಿಂಗ್ ನನ್ನ ಖರ್ಚಲ್ಲಿ ಹಾಕಿಕೊಟ್ಟೆ.

ಈಗ ಅಲುಗಾಟ ಯಾಕೆ ಬಂತು ನೋಡೋಣ. ನಿಮ್ಮ ಹಳೆಯ ಶಿಮಾನೊ ಕ್ರ್ಯಾಂಕಿನ ಎಡ ಆರ್ಮ್ 24 ಮಿ.ಮೀ. ಸ್ಪಿಂಡಲ್ ಮೇಲೆ ಜಾರಿಕೊಂಡು ಒಳಗೆ ಬರುತ್ತದೆ. ತುದಿಯ ಪ್ಲಾಸ್ಟಿಕ್ ಕ್ಯಾಪನ್ನು 0.7ರಿಂದ 1.5 ನ್ಯೂಟನ್ ಮೀಟರಿನಲ್ಲಿ, ಅಂದರೆ ಬೆರಳಿನ ಬಲದಲ್ಲಿ ತಿರುವಿದರೆ ಆರ್ಮ್ ಬೇರಿಂಗಿಗೆ ಬಂದು ಮೆತ್ತಗೆ ಒರಗುತ್ತದೆ. ಆಮೇಲೆ ಎರಡು ಪಿಂಚ್ ಬೋಲ್ಟುಗಳನ್ನು 12-14ಕ್ಕೆ ಬಿಗಿದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಬಿಬಿ ಅರ್ಧ ಮಿಲಿಮೀಟರ್ ಅಗಲ ಇದ್ದರೂ ಕಡಿಮೆ ಇದ್ದರೂ ಆರ್ಮ್ ತಾನೇ ಹೊಂದಿಕೊಳ್ಳುತ್ತದೆ.

ನಿಮ್ಮ ಕಾರ್ಬನ್ ಕ್ರ್ಯಾಂಕು ಆ ಜಾತಿಯದಲ್ಲ. ನಡುವೆ ಒಂದು ದೊಡ್ಡ ಬೋಲ್ಟು, ಅದನ್ನು ಪೂರ್ತಿ ಟಾರ್ಕಿಗೆ ಬಿಗಿದರೆ ಎಡ ಆರ್ಮ್ ಸ್ಪಿಂಡಲ್ಲಿನ ಹಲ್ಲುಗಳ ಕೊನೆಗೆ ಹೋಗಿ ಕೂರುತ್ತದೆ. ಅದು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಸ್ಪಿಂಡಲ್ಲು. ನಿಮ್ಮ ಬಿಬಿ ಎಷ್ಟು ಅಗಲ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಎರಡು ಆರ್ಮುಗಳ ನಡುವಿನ ಅಂತರ ಕಾರ್ಖಾನೆಯಲ್ಲೇ ನಿಗದಿಯಾಗಿಬಿಟ್ಟಿದೆ. ಆ ಅಂತರದಲ್ಲಿ ಬಿಬಿ ಕೂತು ಉಳಿದ ಖಾಲಿ ಜಾಗವನ್ನು ನಾವು ತುಂಬಬೇಕು. ಮಾರುವವರು "ಎಲ್ಲ ಫ್ರೇಮಿಗೂ" ಅನ್ನುವುದರ ಅರ್ಥ ಇಷ್ಟೇ: ಸ್ಪಿಂಡಲ್ ಉದ್ದ ಕೊಟ್ಟಿದ್ದೇವೆ, ಉಳಿದದ್ದು ನೀವು ನೋಡಿಕೊಳ್ಳಿ.

ಉದ್ದ ಕೊಡಲು ಕಾರಣವಿದೆ. ಥ್ರೆಡ್ ಇರುವ 68 ಮಿ.ಮೀ. ಶೆಲ್ಲಿಗೆ (ಬಿಬಿ ಕೂರುವ ಫ್ರೇಮಿನ ಕೊಳವೆ) ಎರಡೂ ಕಡೆ ಹೊರಗೆ ಕಪ್ಪು, ಅಂದರೆ ಬೇರಿಂಗ್ ಕೂರುವ ಬಟ್ಟಲು, ಬಂದರೆ ಒಟ್ಟು ಸುಮಾರು 90 ಆಗುತ್ತದೆ. ನಿಮ್ಮ ಬಿಬಿ86ರ ಶೆಲ್ 86.5 ಅಗಲ, ಅದಕ್ಕೆ ಎರಡೂ ಕಡೆ ಕಪ್ಪಿನ ಅಂಚು ತಲಾ ಎರಡು ಸೇರಿದರೆ ಅದೂ 90ರ ಚಿಲ್ಲರೆ. ಹಾಗಾಗಿ ಉದ್ದ ಸ್ಪಿಂಡಲ್ಲು ಎರಡಕ್ಕೂ ಆಗುತ್ತದೆ. ಅದೇ ಹಳೆಯ ಬಿಬಿ30 ಫ್ರೇಮಿಗೆಂದೇ ಮಾಡಿದ ಗಿಡ್ಡ ಸ್ಪಿಂಡಲ್ಲಿನ ಕ್ರ್ಯಾಂಕನ್ನು ನಿಮ್ಮ ಫ್ರೇಮಿಗೆ ತೂರಿಸಿದರೆ ಎಡ ಆರ್ಮಿಗೆ ಹಲ್ಲೇ ಸಿಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಾಗೆ ತರಿಸಿ ಕೈಸುಟ್ಟುಕೊಂಡವರು ಊರಲ್ಲಿ ಬೇಕಾದಷ್ಟಿದ್ದಾರೆ.

ನಿಮ್ಮ ಲೆಕ್ಕಕ್ಕೆ ಬರೋಣ. ಕ್ರ್ಯಾಂಕನ್ನು ಬೈಕಿನಿಂದ ಪೂರ್ತಿ ಹೊರಗೆ ತೆಗೆಯಿರಿ. ವಾಷರ್ ಒಂದೂ ಇಲ್ಲದೆ ಎಡ ಆರ್ಮನ್ನು ಬರೀ ಸ್ಪಿಂಡಲ್ಲಿಗೆ ಹಾಕಿ, ಆರ್ಮ್ ಮೇಲೆ ಬರೆದ ಟಾರ್ಕಿಗೆ ಬಿಗಿಯಿರಿ. ಟೇಬಲ್ ಮೇಲಿಟ್ಟು ಎರಡೂ ಕಡೆ ಬೇರಿಂಗಿಗೆ ಒರಗುವ ಮೆಟ್ಟಿಲುಗಳ ನಡುವೆ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ಹೆಚ್ಚಿನ ಮೆಕ್ಯಾನಿಕರು ಈ ಕೆಲಸ ಮಾಡುವುದಿಲ್ಲ, ಐದು ನಿಮಿಷವೂ ಬೇಡ. ನನ್ನ ಅಂದಾಜಿಗೆ ನಿಮಗೆ 93.6ರ ಆಸುಪಾಸು ಬರಬೇಕು. ನಿಮ್ಮ ಮೂರು ಚಪ್ಪಟೆ ವಾಷರ್ ಸೇರಿ 2.5. ಅಲೆಯ ವಾಷರಿನ ತಗಡು ಅರ್ಧ ಮಿಲಿಮೀಟರ್ ದಪ್ಪ ಅಂದುಕೊಂಡರೂ, ಅದು ಪೂರ್ತಿ ಚಪ್ಪಟೆಯಾದಾಗ ಒಟ್ಟು 3.0. ಬಿಬಿಯ 90.6ಕ್ಕೆ ಮೂರು ಸೇರಿಸಿದರೆ 93.6. ಖಾಲಿ ಜಾಗವೂ ಅಷ್ಟೇ, ತುಂಬಿದ ಲೋಹವೂ ಅಷ್ಟೇ. ಉಸಿರಾಡಲು ಜಾಗವಿಲ್ಲ, ಅದಕ್ಕೇ ಬಿಗಿ.

ಅಲೆಯ ವಾಷರನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕೆಂಡದ ಮೇಲೆ ಸುಟ್ಟ ಹಪ್ಪಳದ ಅಂಚಿನ ಹಾಗೆ ಮೇಲೆ ಕೆಳಗೆ ಬಾಗಿರುತ್ತದೆ. ಅದು ಸ್ಪ್ರಿಂಗು. ಅರ್ಧ ಅಮುಕಿಕೊಂಡಿದ್ದಾಗ ಬೇರಿಂಗಿನ ಒಳ ರೇಸನ್ನು (ಒಳಬಳೆಯನ್ನು) ಮೆಲ್ಲಗೆ ತಳ್ಳುತ್ತಿರುತ್ತದೆ, ಅಲುಗಾಟ ನಿಲ್ಲುತ್ತದೆ, ಬೇರಿಂಗಿಗೆ ಭಾರವಾಗುವುದಿಲ್ಲ. ಪೂರ್ತಿ ಚಪ್ಪಟೆಯಾದರೆ ಅದೂ ಒಂದು ಸಾದಾ ವಾಷರ್, ಬೋಲ್ಟಿನ ಬಲವೆಲ್ಲ ಬೇರಿಂಗಿನ ಪಕ್ಕೆಗೆ. ಆ ಬೇರಿಂಗುಗಳನ್ನು ಪಕ್ಕದ ಒತ್ತಡಕ್ಕೆಂದು ಮಾಡಿರುವುದಿಲ್ಲ. ಚಪ್ಪಟೆ ವಾಷರಿನ ಕೆಲಸವೇ ಬೇರೆ. ಕ್ರ್ಯಾಂಕು ಎಡ-ಬಲದಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಜಾಗ ಹಿಡಿಯುವುದು ಒಂದು, ಅಲುಗಾಟ ಕೊಲ್ಲುವುದು ಇನ್ನೊಂದು. ನಿಮ್ಮ ಬೈಕಿನಲ್ಲಿ ಎರಡೂ ಕೆಲಸಕ್ಕೆ ಒಂದೇ ಕಡೆ ಒಂದೇ ರಾಶಿ ಹಾಕಿದ್ದಾರೆ.

ಸರಿಯಾಗಿ ಕೂಡಿಸುವುದು ಹೀಗೆ. ಬಲಗಡೆ 1 ಮತ್ತು 0.5ರ ವಾಷರ್. ಸ್ಪಿಂಡಲ್ ಬಲಕ್ಕೆ ಒಂದೂವರೆ ಸರಿಯಿತು, ಚೈನ್‌ಲೈನ್ 43.5ಕ್ಕೆ ಬಂತು. ಸಣ್ಣ ರಿಂಗು ಚೈನ್‌ಸ್ಟೇಯಿಂದ ಮೂರು ಮಿಲಿಮೀಟರ್ ದೂರವಾಯಿತು. ಎಡಗಡೆ ಉಳಿದ ಒಂದೂವರೆಯಲ್ಲಿ ಬರೀ ಅಲೆಯ ವಾಷರ್. ಬಿಡಿಯಾಗಿದ್ದಾಗ ಅದರ ಎತ್ತರ ಎರಡು, ಎರಡೂವರೆ ಇದ್ದರೆ ಅರ್ಧಕ್ಕೆ ಅಮುಕಿಕೊಂಡು ಚೆನ್ನಾಗಿ ಕೂರುತ್ತದೆ. ಒಂದೂವರೆಗಿಂತ ಕಡಿಮೆ ಇದ್ದರೆ ಈಗಾಗಲೇ ಸತ್ತಿದೆ ಎಂದರ್ಥ, ಹೊಸದು ತನ್ನಿ. ಹಳೆಯದನ್ನು ಬಗ್ಗಿಸಿ ಮತ್ತೆ ಅಲೆ ಮಾಡಲು ಹೋಗಬೇಡಿ. ಉಳಿದ 1 ಮಿ.ಮೀ. ವಾಷರ್ ಡ್ರಾಯರಿಗೆ. ಅಲೆಯ ವಾಷರ್ ಯಾವಾಗಲೂ ಎಡಕ್ಕೇ ಇರಲಿ. ಬಲಕ್ಕಿದ್ದರೆ ಪೆಡಲ್ ತುಳಿದಾಗಲೆಲ್ಲ ಚೈನ್‌ಲೈನ್ ಹೊಯ್ದಾಡುತ್ತದೆ.

ಇನ್ನೊಂದು ಅನುಮಾನ. ಆ ಚಪ್ಪಟೆ ವಾಷರುಗಳು ಕ್ರ್ಯಾಂಕಿನ ಜೊತೆ ಬಂದವೇ, ಹಾರ್ಡ್‌ವೇರ್ ಅಂಗಡಿಯವೇ? ವಾಷರ್ ಬೇರಿಂಗಿನ ಒಳ ರೇಸಿಗೆ ಮಾತ್ರ ತಾಗಬೇಕು. ಹೊರಸುತ್ತು ದೊಡ್ಡದಾದರೆ ಸೀಲಿಗೋ ಕಪ್ಪಿಗೋ ಉಜ್ಜುತ್ತದೆ, ಆಗ ಎಷ್ಟು ಸರಿಯಾಗಿ ಲೆಕ್ಕ ಹಾಕಿದರೂ ಕ್ರ್ಯಾಂಕು ಬಿಗಿಯೇ. ಬಿಚ್ಚಿದಾಗ ಕಪ್ಪಿನ ಮುಖ ನೋಡಿ. ಬಳೆಯಂತೆ ಹೊಳೆಯುವ ಗೆರೆ ಬಿದ್ದಿದ್ದರೆ ಕಳ್ಳ ಸಿಕ್ಕಿದ.

ಚೈನ್‌ಲೈನ್ 42 ಅಂದಿರಿ. ಸೀಟ್ ಟ್ಯೂಬಿನ ಅರ್ಧಕ್ಕೆ ರಿಂಗುಗಳವರೆಗಿನ ದೂರ ಕೂಡಿಸಿ ತೆಗೆದಿರಬೇಕು. ಕಾರ್ಬನ್ ಫ್ರೇಮಿನಲ್ಲಿ ಆ ಲೆಕ್ಕ ಕೈಕೊಡಬಹುದು. ಕೆಳಗಡೆ ಸೀಟ್ ಟ್ಯೂಬ್ ಎಷ್ಟೋ ಫ್ರೇಮುಗಳಲ್ಲಿ ಒಂದು ಕಡೆ ಉಬ್ಬಿರುತ್ತದೆ. ಬಿಬಿ86 ಇದ್ದವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. 86.5ರ ಅರ್ಧ 43.25. ಅಂದರೆ ಶೆಲ್ಲಿನ ಬಲಮುಖವೇ ಹೆಚ್ಚುಕಡಿಮೆ ನಿಮ್ಮ ಚೈನ್‌ಲೈನು. ಎರಡು ರಿಂಗುಗಳ ನಡುವಿನ ಸಂದಿಯ ಮಧ್ಯ ಆ ಮುಖದ ನೇರಕ್ಕೆ ಬಂದರೆ ಸಾಕು. ಸ್ಟೀಲ್ ಪಟ್ಟಿಯನ್ನು ಕಪ್ಪಿನ ಅಂಚಿಗಿಟ್ಟು, ಅಂಚಿನ ದಪ್ಪ ಕಳೆದು ನೋಡಿ. ನಾನು ದಿನಾ ಮಾಡುವುದು ಹೀಗೆಯೇ.

ಸರಿಪಡಿಸಿದ ಮೇಲೂ 34ರ ರಿಂಗಿನಿಂದ 11ರ ಹಲ್ಲಿಗೆ ಹಾಕಿದರೆ ಚೂರು ಸದ್ದು ಬಂದೀತು. ಆ ಜೋಡಿಯನ್ನು ಬಳಸುವ ಅಗತ್ಯವೇ ಇಲ್ಲ. 13, 14ರಲ್ಲೂ ಉಜ್ಜಿದರೆ ಮಾತ್ರ ತಪ್ಪು ಬೇರೆಡೆ ಇದೆ: ರಿಂಗುಗಳ ನಡುವಿನ ಸಂದಿಯೇ ಸರಿಯಿಲ್ಲ. ಬಿಡಿ ಕ್ರ್ಯಾಂಕುಗಳಲ್ಲಿ ರಿಂಗು ಕೂರುವ ಕಿವಿ ಒಮ್ಮೊಮ್ಮೆ ದಪ್ಪ-ತೆಳು ಇರುತ್ತದೆ. ಸಂದಿ ಹೆಚ್ಚಾದರೆ ಚೈನು ಎರಡು ರಿಂಗುಗಳ ನಡುವೆ ಬಿದ್ದು ಸಿಕ್ಕಿಕೊಳ್ಳುತ್ತದೆ. ರಿಂಗನ್ನು ತಿರುಗಿಸಿ ಕೂಡಿಸಿದ್ದಾರೆಯೇ ಎಂದೂ ನೋಡಿ. ದೊಡ್ಡ ರಿಂಗಿನ ಮೇಲಿರುವ ಸಣ್ಣ ಗುಬುಟು ಬಲ ಆರ್ಮಿನ ಹಿಂದೆಯೇ ಬರಬೇಕು. ಸಣ್ಣ ರಿಂಗಿನ ಗುರುತೂ ಅದೇ ಸಾಲಿಗೆ. ಇಲ್ಲದಿದ್ದರೆ ಗೇರ್ ಏರಿಸುವ ಮೆಟ್ಟಿಲುಗಳು ತಪ್ಪು ಜಾಗಕ್ಕೆ ಬರುತ್ತವೆ.

ಇನ್ನು ಬಿಬಿ ವಿಷಯ. ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಬೇಡ. ನಿಮ್ಮ ಶೆಲ್ಲಿನ ಒಳವ್ಯಾಸ 41. ಅದರಲ್ಲಿ 30ರ ಸ್ಪಿಂಡಲ್ ಹೋದರೆ ಸುತ್ತಲೂ ಉಳಿಯುವುದು ಐದೂವರೆ ಮಿಲಿಮೀಟರ್. ಕಪ್ಪಿನ ಗೋಡೆ, ಹೊರ ರೇಸು, ಗುಂಡು, ಒಳ ರೇಸು ಎಲ್ಲವೂ ಆ ಐದೂವರೆಯಲ್ಲಿ ಸಂಸಾರ ಮಾಡಬೇಕು. 24ರ ಸ್ಪಿಂಡಲ್ಲಿಗೆ ಎಂಟೂವರೆ ಸಿಗುತ್ತದೆ. ಗುಂಡು ಸಣ್ಣದಾದಷ್ಟೂ ಬೇರಿಂಗಿನ ಆಯುಸ್ಸು ಕಡಿಮೆ. ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಜುಲೈನಲ್ಲಿ ಮುಳಶಿ ರಸ್ತೆಗೆ ಎರಡು ಭಾನುವಾರ ಹೋಗಿ ಬನ್ನಿ, ಮೂರನೆಯ ಭಾನುವಾರ ಅದೇ ಹೇಳುತ್ತದೆ. ಹೊಸದಾಗಿ ಕೊಳ್ಳುವವರು ಕೇಳಿದ್ದರೆ ಬಿಬಿ86ಕ್ಕೆ 24ರ ಸ್ಪಿಂಡಲ್ಲೇ ಇರಲಿ ಎನ್ನುತ್ತಿದ್ದೆ. ಕಾರ್ಬನ್ ಆರ್ಮಿಗೆ 24ರ ಸ್ಟೀಲ್ ಸ್ಪಿಂಡಲ್ ಇರುವವೂ ಸಿಗುತ್ತವೆ. ತೂಕ ಚೂರು ಹೆಚ್ಚು, ತಲೆನೋವು ಬಹಳ ಕಡಿಮೆ.

ಸ್ಪಿಂಡಲ್ಲಿಗೆ ಒಮ್ಮೆ ವರ್ನಿಯರ್ ಹಿಡಿದೂ ನೋಡಿ. ಸ್ರಾಮ್ ಕಂಪನಿಯ ಡಬ್ ಮಾದರಿಯ ಸ್ಪಿಂಡಲ್ 28.99. ಅದೇ ಅಳತೆಯಲ್ಲಿ ಮಾಡಿದ ಬಿಡಿ ಕ್ರ್ಯಾಂಕುಗಳೂ ಇವೆ, ಕೆಲವನ್ನು 30 ಎಂದು ಬರೆದು ಮಾರುತ್ತಾರೆ. ಒಂದು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಆದರೆ ಆರ್ಮ್ ಹಿಡಿದು ಚೈನ್‌ಸ್ಟೇ ಕಡೆಗೆ ತಳ್ಳಿ ಎಳೆದರೆ ಕಟ್ ಅನ್ನುತ್ತದೆ. ಅದು ಅಡ್ಡ ಅಲುಗಾಟದಂತಿರುವುದಿಲ್ಲ, ಓಲಾಡಿದಂತಿರುತ್ತದೆ. ಯಾವ ವಾಷರಿಗೂ ಅದು ಬಗ್ಗದು.

ಕಟಕಟ ಸದ್ದಿಗೆ ಕಾರಣ ಹಲವು, ಚೈನ್‌ರಿಂಗ್ ಬೋಲ್ಟು, ಪ್ರೆಸ್‌ಫಿಟ್ ಕಪ್ಪು, ಒಣಗಿದ ಪೆಡಲ್ ಥ್ರೆಡ್ಡು. ಅವನ್ನು ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿ ಮತ್ತೆ ಬಿಗಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ನನಗೆ ನಿದ್ದೆ ಕೆಡಿಸುವ ಕಾರಣ ಒಂದೇ, ಅಂಟು. ಕಾರ್ಬನ್ ಆರ್ಮಿನೊಳಗೆ ಪೆಡಲ್ ಕೂರುವಲ್ಲಿ ಅಲ್ಯೂಮಿನಿಯಂ ತುಂಡು ಅಂಟಿಸಿರುತ್ತಾರೆ, ಸ್ಪಿಂಡಲ್ಲೂ ಬಲ ಆರ್ಮಿಗೆ ಅಂಟಿಕೊಂಡಿರುತ್ತದೆ. ಅಂಟಿಸುವುದು ದೊಡ್ಡವರಿಗೂ ಸುಲಭವಲ್ಲ. 2023ರ ಸೆಪ್ಟೆಂಬರಿನಲ್ಲಿ ಶಿಮಾನೊ ತನ್ನ 11 ಸ್ಪೀಡಿನ ಅಲ್ಟೆಗ್ರಾ, ಡ್ಯುರಾ-ಏಸ್ ಕ್ರ್ಯಾಂಕುಗಳನ್ನು, 2019ರ ಜುಲೈಗಿಂತ ಮೊದಲು ತಯಾರಾದವನ್ನು, ತಪಾಸಣೆಗೆ ವಾಪಸ್ ಕರೆಯಿತು. ಉತ್ತರ ಅಮೆರಿಕದಲ್ಲೇ ಸುಮಾರು 7 ಲಕ್ಷ 60 ಸಾವಿರ. ಅವು ಅಲ್ಯೂಮಿನಿಯಂ ಕ್ರ್ಯಾಂಕುಗಳು, ಎರಡು ತುಂಡು ಸೇರಿಸಿ ಅಂಟಿಸಿದ ಜಾಗ ಬಿಟ್ಟುಕೊಳ್ಳುತ್ತಿತ್ತು.

ಹಾಗಾಗಿ ಒಂದು ಕೆಲಸ ಮಾಡಿ. ಬಿಳಿ ಪೇಂಟ್ ಪೆನ್ನಿನಲ್ಲಿ ಪೆಡಲಿನ ಲೋಹದ ತುಂಡಿನಿಂದ ಕಾರ್ಬನ್ ಮೇಲಕ್ಕೆ ಒಂದು ತೆಳು ಗೆರೆ ಎಳೆಯಿರಿ. ಸ್ಪಿಂಡಲ್ ಬಲ ಆರ್ಮಿಗೆ ಸೇರುವಲ್ಲೂ ಅಂಥದೇ ಇನ್ನೊಂದು. ನನ್ನ ಒಬ್ಬ ಗಿರಾಕಿಗೆ ಎರಡು ವಾರ ಸದ್ದು ಹುಡುಕಿ, ಬಿಬಿ ಬದಲಿಸಿ, ಪೆಡಲ್ ಬದಲಿಸಿ ಸುಸ್ತಾಗಿದ್ದೆ. ಕೊನೆಗೆ ಹೀಗೆ ಗೆರೆ ಎಳೆದು ಸಿಂಹಗಡ ಹತ್ತಿ ಬನ್ನಿ ಅಂದೆ. ವಾಪಸ್ ಬಂದಾಗ ಎಡ ಪೆಡಲಿನ ಹತ್ತಿರದ ಗೆರೆ ಎರಡು ತುಂಡಾಗಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಹೋಗಿತ್ತು. ಆ ಕ್ರ್ಯಾಂಕನ್ನು ಅಲ್ಲೇ ಬಿಚ್ಚಿಟ್ಟೆ, ಸವಾರ ರಿಕ್ಷಾದಲ್ಲಿ ಮನೆಗೆ ಹೋದ. ನಿಮ್ಮ ಗೆರೆ ಮುರಿದರೆ ನೀವೂ ಹಾಗೇ ಹೋಗಿ. ಅದನ್ನು ಫೆವಿಕ್ವಿಕ್ಕಿನಲ್ಲೋ ಅರಾಲ್ಡೈಟಿನಲ್ಲೋ ಅಂಟಿಸುತ್ತೇನೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಘಾಟ್ ಇಳಿಯುವಾಗ ರಸ್ತೆಗುಂಡಿ ಬಂತೆಂದು ಎದ್ದು ನಿಂತಾಗ ಇಡೀ ಮೈಭಾರ ಆ ಎರಡು ತುಂಡಿನ ಮೇಲೆ ಇರುತ್ತದೆ.

ಮಂಡಿನೋವಿನ ಬಗ್ಗೆ ನೀವು ಕೇಳಿಲ್ಲ, ಆದರೆ ಬಂದರೆ ಇರಲಿ ಎಂದು ಹೇಳುತ್ತೇನೆ. 105ರಲ್ಲಿ ಎರಡೂ ಆರ್ಮಿನ ಹೊರಮುಖಗಳ ನಡುವೆ 146 ಇತ್ತು. ಬಿಡಿ ಕ್ರ್ಯಾಂಕುಗಳಲ್ಲಿ ಅದು ಎರಡು, ಮೂರು, ಐದು ಮಿಲಿಮೀಟರ್ ಹೆಚ್ಚಿರುತ್ತದೆ. ಅಳೆದು, ಹೆಚ್ಚಾದುದರ ಅರ್ಧದಷ್ಟು ಕ್ಲೀಟನ್ನು (ಶೂವಿನ ಅಡಿಯಲ್ಲಿ ಪೆಡಲ್ ಹಿಡಿಯುವ ತುಂಡು) ಶೂವಿನ ಹೊರಬದಿಗೆ ಸರಿಸಿ, ಕಾಲು ಹಳೆಯ ಜಾಗಕ್ಕೆ ಬರುತ್ತದೆ. ಮೊದಲು 172.5ರ ಆರ್ಮ್ ಇದ್ದಿದ್ದರೆ ಸೀಟನ್ನು ಎರಡೂವರೆ ಮೇಲೆತ್ತಿ.

ಥ್ರೆಡ್ ಇರುವ ಶೆಲ್ಲಿನವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. 68ರ ಶೆಲ್ಲಿಗೆ ಶಿಮಾನೊ ರೋಡ್ ಕ್ರ್ಯಾಂಕ್ ಹಾಕುವಾಗ ಕಪ್ಪಿನ ಕೆಳಗೆ ಸ್ಪೇಸರ್ ಬೇಡ. ಎಂಟಿಬಿ (ಮೌಂಟನ್ ಬೈಕ್) ಕ್ರ್ಯಾಂಕಾದರೆ 2.5ರ ಮೂರು ಸ್ಪೇಸರ್, ಬಲಕ್ಕೆ ಎರಡು, ಎಡಕ್ಕೆ ಒಂದು. ಶೆಲ್ಲಿನ ಮುಖದ ಮೇಲೆ ಪೇಂಟ್ ದಪ್ಪ ಇದ್ದರೆ ಕೆರೆಸಿಕೊಂಡೇ ಕಪ್ಪು ಹಾಕಿಸಿ. ಬಲಗಡೆಯ ಥ್ರೆಡ್ ಉಲ್ಟಾ ತಿರುಗುತ್ತದೆ ಎನ್ನುವುದನ್ನು ನಾನು ಹೇಳಬೇಕಿಲ್ಲ ಅಂದುಕೊಂಡಿದ್ದೆ. ಹೋದ ತಿಂಗಳು ಪೈಪ್ ಹಾಕಿ ಹಿಂಡಿ ಥ್ರೆಡ್ ಹಾಳು ಮಾಡಿಕೊಂಡ ಒಂದು ಬೈಕು ಬಂತು. ಅದಕ್ಕೇ ಹೇಳಿದೆ.

ಮಾರಿಬಿಡಲೇ ಅಂದಿರಿ. ಈಗಲೇ ಬೇಡ. ಟೇಬಲ್ ಮೇಲಿನ ಅಳತೆ 93.6ರ ಹತ್ತಿರ ಬಂದು, ಸ್ಪಿಂಡಲ್ ನಿಜವಾಗಿ 30 ಇದ್ದು, ಬಿಳಿ ಗೆರೆ ಮುರಿಯದಿದ್ದರೆ ಮೇಲೆ ಹೇಳಿದಂತೆ ಕೂಡಿಸಿ ಓಡಿಸಿ. ಕೂಡಿಸಿದ ಕೂಡಲೇ ಚೈನು ಇಳಿಸಿಯೇ ಕ್ರ್ಯಾಂಕನ್ನು ಬೆರಳಲ್ಲಿ ತಿರುಗಿಸಿ. ಹೊಸ ಸೀಲು ಇರುವಾಗ ಎರಡು ಸುತ್ತಿಗೆ ನಿಂತರೂ ಚಿಂತೆಯಿಲ್ಲ, ಅರ್ಧ ಸುತ್ತಿಗೆ ನಿಂತರೆ ಮತ್ತೆ ಬಿಚ್ಚಿ. 50 ಕಿಲೋಮೀಟರ್ ಆದ ಮೇಲೆ ದೊಡ್ಡ ಬೋಲ್ಟಿಗೆ ಟಾರ್ಕ್ ರೆಂಚ್ ಇನ್ನೊಮ್ಮೆ ಹಿಡಿಯಿರಿ. ಮಳೆಗಾಲಕ್ಕೆ ಹಳೆಯ 105 ಕ್ರ್ಯಾಂಕನ್ನೂ ಅದರ 24ರ ಬಿಬಿಯನ್ನೂ ವಾಪಸ್ ಹಾಕಿಕೊಳ್ಳಿ ಎನ್ನುವುದು ನನ್ನ ಸಲಹೆ. ಪ್ರೆಸ್‌ಫಿಟ್ ಕಪ್ಪನ್ನು ಪದೇ ಪದೇ ಹೊಡೆದು ತೆಗೆದರೆ ಶೆಲ್ ಸಡಿಲವಾಗುತ್ತದೆ, ಆದ್ದರಿಂದ ವರ್ಷಕ್ಕೆ ಒಂದೇ ಸಲ, ಪ್ರೆಸ್ ಟೂಲ್ ಇರುವವರ ಕೈಯಲ್ಲೇ. ಅಷ್ಟು ರಗಳೆ ಬೇಡ ಅನಿಸಿದರೆ ಕಾರ್ಬನ್ನನ್ನು ಮಾರಿ, ಹಳೆಯದನ್ನಲ್ಲ.

ಅಳತೆ 93.6 ಬಾರದೆ 92ರ ಕೆಳಗೋ 95ರ ಮೇಲೋ ಬಂದರೆ ನನ್ನ ಲೆಕ್ಕವೇ ತಪ್ಪಾಗಿದೆ, ಆಗ ವಾಷರ್ ಮುಟ್ಟಬೇಡಿ, ಸಂಖ್ಯೆ ಬರೆದು ಕಳಿಸಿ. ಇನ್ನೂ ಒಳ್ಳೆಯದೆಂದರೆ ಮಂಗಳವಾರ ಮಧ್ಯಾಹ್ನ ಬೈಕನ್ನೇ ತನ್ನಿ, ಆಗ ಗಿರಾಕಿ ಕಡಿಮೆ. ದಿನವಿಡೀ ಮರಾಠಿ ಮಾತಾಡಿ ಮಾತಾಡಿ ಬಾಯಿ ಒಣಗಿರುತ್ತದೆ, ಹುಬ್ಬಳ್ಳಿ ಕನ್ನಡ ಕೇಳಿದ ಹಾಗೂ ಆಗುತ್ತದೆ.